ಒಪ್ಪುವ ಮುನ್ನ ಮಾತಾಡಿ ನೋಡಿ

ಫೋಕ್ಸ್‌ವಾಗನ್ ಕೆಲಸಕ್ಕೆಂದು ಜರ್ಮನಿಯ ವೋಲ್ಫ್ಸ್‌ಬುರ್ಗ್‌ಗೆ ಬಂದವರೇ, ಹಳೆಯ ಅಪಘಾತವೋ ದೌರ್ಜನ್ಯವೋ ಇನ್ನೂ ನಿದ್ದೆ ಕೆಡಿಸುತ್ತಿದ್ದರೆ ವೈದ್ಯಕೀಯ ಸೇವೆಯ ದೂರವಾಣಿ 116117ಕ್ಕೆ ಕರೆ ಮಾಡಿ, ಮನೋಚಿಕಿತ್ಸಕರ ಮೊದಲ ಭೇಟಿಗೆ ಸಮಯ ಕೇಳಿ. ಸಾರ್ವಜನಿಕ ಆರೋಗ್ಯ ವಿಮೆಯಿದ್ದರೆ ಇದಕ್ಕೆ ಡಾಕ್ಟರ ಚೀಟಿ ಬೇಕಿಲ್ಲ.

ಆ ಮೊದಲ ಭೇಟಿಯ ನಂತರ, ಚಿಕಿತ್ಸೆಗೆ ಮುನ್ನ ವಯಸ್ಕರಿಗೆ ಸಾಮಾನ್ಯವಾಗಿ 2ರಿಂದ 4 ಪರಿಚಯದ ಭೇಟಿಗಳಿರುತ್ತವೆ. ಚಿಕಿತ್ಸಕರು ನಿಮ್ಮನ್ನು ಅಳೆಯುವಾಗ ನೀವೂ ಅವರನ್ನು ಅಳೆಯಿರಿ. ಆಘಾತ ಚಿಕಿತ್ಸೆಯ ವಿಶೇಷ ತರಬೇತಿ ಇದೆಯೇ? ವಿಮೆ 2015ರಿಂದ ಒಪ್ಪಿರುವ ಇಎಂಡಿಆರ್ (ಕಣ್ಣಿನ ಚಲನೆ ಬಳಸುವ ಆಘಾತ ಚಿಕಿತ್ಸೆ) ಮಾಡುತ್ತಾರೆಯೇ? ಇಂಗ್ಲಿಷಿನಲ್ಲಿ ಮಾತಾಡಬಹುದೇ? ಮೊದಲ ದಿನವೇ ಎಲ್ಲವನ್ನೂ ಬಿಚ್ಚಿ ಹೇಳಿ ಎಂದು ಒತ್ತಾಯಿಸುವವರು ನನಗಂತೂ ಸರಿಕಾಣುವುದಿಲ್ಲ. ‘ಇಷ್ಟು ಓದಿದವರಿಗೆ ಬೇಡ ಅನ್ನೋದು ಹೇಗೆ’ ಎಂಬ ನಮ್ಮ ದಾಕ್ಷಿಣ್ಯವನ್ನು ಇಲ್ಲಿ ಬದಿಗಿಡಿ. ಹೊಂದದಿದ್ದರೆ ಇನ್ನೊಬ್ಬರ ಬಳಿ ಮತ್ತೆ ಪರಿಚಯದ ಭೇಟಿ ಕೇಳಬಹುದು.

ಬಾಗಿಲ ಫಲಕದಲ್ಲಿ ‘ಹೈಲ್‌ಪ್ರಾಕ್ಟಿಕರ್’ (ವೈದ್ಯರಲ್ಲದ, ಪರವಾನಗಿ ಹೊಂದಿದ ಚಿಕಿತ್ಸಕರು) ಎಂದಿದ್ದರೆ, ಶುಲ್ಕ ಸಾಮಾನ್ಯವಾಗಿ ನಿಮ್ಮ ಜೇಬಿನಿಂದಲೇ.