ಕುದುರೆಮುಖ ಶಿಖರ ಮತ್ತು ಎಡದಂಡೆ ನಾಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ರಾಯಚೂರು ದೋಆಬ್ ಪ್ರದೇಶವು ಎತ್ತರವಾದ ಪರ್ವತಗಳಿಲ್ಲದ ನಾಡು. ಮುದಗಲ್ಲಿನ ಕೋಟೆಯನ್ನು ಹೊತ್ತ ಕಲ್ಲುಗುಡ್ಡವಾಗಲಿ, ಅಶೋಕನ ಶಾಸನವುಳ್ಳ ಮಸ್ಕಿಯ ಬೆಟ್ಟವಾಗಲಿ ಮೋಡಗಳನ್ನು ತಡೆದು ನಿಲ್ಲಿಸುವಷ್ಟು ಉನ್ನತವಾದವುಗಳಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ, ಅದೂ ನಂಬುವಂಥದಲ್ಲ. ಆದರೂ ಸಿಂಧನೂರಿನ ಎರೆಭೂಮಿಯಲ್ಲಿ ಭತ್ತ ತೆನೆದೂಗುತ್ತದೆ. ಆ ಭತ್ತದ ಮಳೆ ಬೀಳುವುದು ಮುನ್ನೂರು ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ, ಪಶ್ಚಿಮ ಘಟ್ಟಗಳ ಕುದುರೆಮುಖ ಮತ್ತು ಅದರ ನೆರೆಯ ಶ್ರೇಣಿಗಳ ಮೇಲೆ.

ಕುದುರೆಮುಖ ಶಿಖರವು ಚಿಕ್ಕಮಗಳೂರು ಜಿಲ್ಲೆಯ ನೈಋತ್ಯ ಅಂಚಿನಲ್ಲಿ, ದಕ್ಷಿಣ ಕನ್ನಡದ ಗಡಿಗೆ ತಾಗಿದಂತೆ ನಿಂತಿದೆ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 1,890 ಮೀಟರ್. ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಗಿಂತ ಇದು ತುಸು ಕಡಿಮೆಯೇ ಆದರೂ, ಇದರ ನಿಲುವು ಬೇರೆ ಬಗೆಯದು. ಪಡುವಣ ಮುಖವು ಬೆಳ್ತಂಗಡಿಯ ತಗ್ಗಿನ ಕಡೆಗೆ ಒಮ್ಮೆಲೇ ಕಡಿದಿಳಿಯುತ್ತದೆ. ಮೂಡಣ ಮುಖವು ಹುಲ್ಲುಗಾವಲಿನ ಅಲೆಗಳಾಗಿ ಮೆಲ್ಲನೆ ಹರಡಿಕೊಳ್ಳುತ್ತದೆ. ಕಡಲ ಕಡೆಯಿಂದ ನೋಡಿದವರಿಗೆ ಕುದುರೆಯ ಮೋರೆಯಂತೆ ಕಂಡುದರಿಂದ ಈ ಹೆಸರು ಬಂದಿತು. ಹಿಂದೆ ನಾವಿಕರಿಗೆ ಇದು ದಿಕ್ಕಿನ ಗುರುತಾಗಿತ್ತು. ಸಂಸೆ ಗ್ರಾಮದ ಸಮೀಪದಲ್ಲಿರುವುದರಿಂದ ಸಂಸೆ ಪರ್ವತವೆಂದೂ ಕರೆಯುತ್ತಿದ್ದರು.

ಅರಬ್ಬೀ ಸಮುದ್ರದಿಂದ ಏಳುವ ಮುಂಗಾರು ಮೋಡಗಳು ಈ ಗೋಡೆಗೆ ತಾಗಿ ಮೇಲೇರಿ, ತಂಪಾಗಿ, ಮಳೆಯಾಗಿ ಸುರಿಯುತ್ತವೆ. ವರ್ಷದ ಮಳೆ ಆರೇಳು ಸಾವಿರ ಮಿಲಿಮೀಟರ್ ಮುಟ್ಟುವುದುಂಟು, ಎಂದರೆ ಲಿಂಗಸುಗೂರು ತಾಲ್ಲೂಕಿನ ಹತ್ತು ಪಾಲು. ಇದೇ ಶ್ರೇಣಿಯ ಗಂಗಾಮೂಲದಲ್ಲಿ ತುಂಗಾ, ಭದ್ರಾ ಮತ್ತು ನೇತ್ರಾವತಿ ನದಿಗಳು ಒಂದಕ್ಕೊಂದು ಸಮೀಪದಲ್ಲಿಯೇ ಹುಟ್ಟುತ್ತವೆ. ನೇತ್ರಾವತಿಯು ಪಡುವಣಕ್ಕಿಳಿದು ಮಂಗಳೂರಿನ ಬಳಿ ಕಡಲು ಸೇರುತ್ತದೆ. ತುಂಗೆ ಭದ್ರೆಯರು ಮೂಡಣಕ್ಕೆ ಹರಿದು ಕೂಡಲಿಯಲ್ಲಿ ಒಂದಾಗಿ, ಆಲಂಪುರದ ಬಳಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯವರೆಗೆ ನಡೆಯುತ್ತಾರೆ. ಏಣಿನ ಮೇಲೆ ಬಿದ್ದ ಹನಿಯೊಂದು ಗೇಣು ಅತ್ತ ಸರಿದರೆ ಸಿಂಧನೂರಿಗೆ ದಕ್ಕುವುದಿಲ್ಲ.

ಬಿದ್ದ ಮಳೆಯೆಲ್ಲ ಒಂದೇ ಸಲ ಹರಿದುಹೋಗದಿರುವುದಕ್ಕೆ ಅಲ್ಲಿಯ ಸಸ್ಯಸಂಪತ್ತು ಕಾರಣ. ಬೆಟ್ಟದ ಬೆನ್ನಿನ ಮೇಲೆ ಹುಲ್ಲು, ಕಣಿವೆಯ ಮಡಿಲಿನಲ್ಲಿ ಶೋಲಾ ಎಂಬ ದಟ್ಟವಾದ ಕುರುಚು ಕಾಡು. ಎಲೆಗೊಬ್ಬರದಿಂದ ಮೆತ್ತಗಾದ ಶೋಲಾ ಮಣ್ಣು ನೀರನ್ನು ಹೀರಿಟ್ಟುಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಒರತೆಯಾಗಿ ಬಿಟ್ಟುಕೊಡುತ್ತದೆ. ಸಿಂಗಳೀಕದಂತಹ ಅಪೂರ್ವ ಪ್ರಾಣಿಗೂ ಈ ಸೀಮೆಯ ಕಾಡೇ ಆಶ್ರಯ.

ಈ ಬೆಟ್ಟಗಳ ಒಡಲಿನಲ್ಲಿ ಮ್ಯಾಗ್ನಟೈಟ್ ಜಾತಿಯ ಕಬ್ಬಿಣದ ಅದಿರಿದೆ. 1976ರಲ್ಲಿ ಸ್ಥಾಪಿತವಾದ ಸರ್ಕಾರಿ ಕಂಪನಿಯು ಭದ್ರೆಯ ಮೇಲ್ಕಣಿವೆಯಲ್ಲಿ ಗಣಿ ತೆರೆಯಿತು. ಅದಿರನ್ನು ಪುಡಿಮಾಡಿ, ನೀರಿನೊಡನೆ ಬೆರೆಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಗುತ್ತಿತ್ತು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹಳ್ಳಕ್ಕೆ ಅಣೆಕಟ್ಟು ಕಟ್ಟಲಾಯಿತು. ಸಾವಿರಾರು ಜನರಿಗೆ ಅನ್ನ ದೊರೆಯಿತೆಂಬುದೂ ನಿಜ, ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗಿಳಿಯಿತೆಂಬುದೂ ನಿಜ. 1987ರಲ್ಲಿ ಈ ಸೀಮೆಯನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿನೊಳಗೆ ತಲೆಮಾರುಗಳಿಂದ ಬಾಳಿದ ಮಲೆಕುಡಿಯ ಮೊದಲಾದ ಕುಟುಂಬಗಳ ಪುನರ್ವಸತಿಯ ಪ್ರಶ್ನೆ ಮಾತ್ರ ಅಷ್ಟು ಸುಲಭವಾಗಿ ಇತ್ಯರ್ಥವಾಗುವಂಥದಾಗಿರಲಿಲ್ಲ.

1953ರಲ್ಲಿ ಸಿದ್ಧವಾದ ತುಂಗಭದ್ರಾ ಜಲಾಶಯವು ಮೊದಲು ಸುಮಾರು 133 ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಈ ಹೂಳೆಲ್ಲ ಕುದುರೆಮುಖದ್ದೆನ್ನುವುದು ನ್ಯಾಯವಲ್ಲ. ಭದ್ರೆಯು ಹೊತ್ತು ತರುವ ಮಣ್ಣಿನ ಬಹುಭಾಗ ಲಕ್ಕವಳ್ಳಿಯ ಜಲಾಶಯದಲ್ಲಿಯೇ ತಂಗುತ್ತದೆ. ಕೆಳಗಿನ ಬಯಲಿನ ಉತ್ತ ಹೊಲಗಳ ಪಾಲೂ ಇದರಲ್ಲಿ ಸೇರಿದೆ. ಆದರೆ ಕೊರತೆಯ ಪೆಟ್ಟು ಮೊದಲು ಬೀಳುವುದು 227 ಕಿಲೋಮೀಟರ್ ಉದ್ದದ ಎಡದಂಡೆ ನಾಲೆಯ ಕೊನೆಯ ಭಾಗದ ರೈತನಿಗೆ. ಸಿಂಧನೂರು, ಮಾನ್ವಿಗಳ ಕಡೆಯ ಹೊಲಗಳಲ್ಲಿ ಸಸಿಮಡಿ ಚೆಲ್ಲುವ ಮುನ್ನ ಆತ ತನ್ನ ತಲೆಯ ಮೇಲಿನ ಮೋಡವನ್ನಲ್ಲ, ಮಲೆನಾಡಿನ ಮಳೆಯ ಸುದ್ದಿಯನ್ನು ಕೇಳುತ್ತಾನೆ.