ಎರಡು ಒಲೆಗೆ ಹತ್ತೊಂಬತ್ತು ಪದಾರ್ಥ

ಮಂಗಳೂರು
ಡಿಸೆಂಬರ್ 8

ಪ್ರೀತಿಯ ಪುತಾ,

ನೀನು ಕಳಿಸಿದ ಕ್ರಿಸ್‌ಮಸ್ ಊಟದ ಪಟ್ಟಿ ಸಿಕ್ಕಿತು. ಕನ್ನಡಕ ಒರೆಸಿಕೊಂಡು ಎರಡು ಸಲ ಎಣಿಸಿದೆ. 19 ಪದಾರ್ಥ! ನಿಮ್ಮ ಮನೆಯ ಗ್ಯಾಸಿಗೆ ಇರುವುದು ಎರಡು ಒಲೆ. ಫೋನಿನಲ್ಲಿ ಹೇಳಿದರೆ ನೀನು "ಆಯ್ತು ಮಾವ್ಶಿ, ಆಯ್ತು ಮಾವ್ಶಿ" ಅನ್ನುತ್ತಾ ಇನ್ನೇನೋ ಮಾಡುತ್ತಿರುತ್ತೀ. ಅದಕ್ಕೇ ಈ ಕಾಗದ. ಕೊಂಕಣಿಯಲ್ಲಿ ಬರೆಯಬೇಕಿತ್ತು. ಆದರೆ ನಿನ್ನ ಹೆಂಡತಿಯೂ ಓದಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿನಗಿಂತ ಅವಳು ಗಮನವಿಟ್ಟು ಓದುತ್ತಾಳೆ.

ಮೊದಲು ಟರ್ಕಿ ಕೋಳಿಯ ವಿಷಯ ಮುಗಿಸಿಬಿಡೋಣ. ಹೆಪ್ಪುಗಟ್ಟಿದ 5 ಕಿಲೋ ಟರ್ಕಿ ಫ್ರಿಜ್ಜಿನೊಳಗೆ ಸಡಿಲವಾಗಲಿಕ್ಕೇ ಎರಡರಿಂದ ಮೂರು ದಿನ ಬೇಕು. ಅಷ್ಟು ದಿನ ಫ್ರಿಜ್ಜಿನಲ್ಲಿ ಬೇರೆ ಏನಿಡುತ್ತೀ? ನಿನ್ನ ಓವನ್ನಿನಲ್ಲಿ ಅದರ ಕಾಲು ಹೊರಗೆ ಉಳಿಯುತ್ತದೆ. ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು, ಆದ್ದರಿಂದ ಇದೊಂದು ಹೇಳಲೇಬೇಕು. 1843ರಲ್ಲಿ ಡಿಕನ್ಸ್ ಬರೆದ 'ಎ ಕ್ರಿಸ್‌ಮಸ್ ಕ್ಯಾರಲ್' ಕತೆಯಲ್ಲಿ ಟರ್ಕಿ ಕಳಿಸುವವನು ದುಡ್ಡಿರುವ ಸ್ಕ್ರೂಜ್. ಬಡ ಕ್ರಾಚಿಟ್ ಮನೆಯವರು ಮೇಜಿನ ಮೇಲಿಟ್ಟದ್ದು ಹೆಬ್ಬಾತು. ಅದನ್ನೂ ಬೇಕರಿಯಲ್ಲಿ ಬೇಯಿಸಿ ಮಕ್ಕಳು ಮನೆಗೆ ತಂದದ್ದು. ಹಾಗಾಗಿ ಹೊರಗೆ ಬೇಯಿಸಿದ್ದನ್ನು ತಂದು ಹಬ್ಬ ಮಾಡಿದರೆ ನಾಚಿಕೆಯೇನೂ ಇಲ್ಲ. ಟರ್ಕಿಗೆ ಗೀಟು ಎಳೆ, ಕೇಕನ್ನು ಬೇಕರಿಯಿಂದ ತಾ.

ಇನ್ನು ನನ್ನದೊಂದು ಹಳೆಯ ಕತೆ. ಇದನ್ನು ನಿನ್ನ ಅಮ್ಮನೂ ನಿನಗೆ ಹೇಳಿರಲಾರಳು.

1977. ಗಂಡನ ಮನೆಯಲ್ಲಿ ನನ್ನ ಮೊದಲ ನತಾಲ್, ಅಂದರೆ ಕ್ರಿಸ್‌ಮಸ್. ಎಲ್ಲರ ಬಟ್ಟಲಿಗೂ ಹಬೆಪಾತ್ರೆ ತೊಂದೂರಿನಿಂದ ನೇರ ಬಿಸಿಬಿಸಿ ಸನ್ನಾ, ನಮ್ಮ ಕಳ್ಳಿನ ಇಡ್ಲಿ, ಬೀಳಬೇಕು ಅಂತ ನನ್ನ ಹಟ. ಕಳ್ಳು ತರುವವನು ತಡಮಾಡಿದ, ಹಿಟ್ಟು ಏಳಲಿಲ್ಲ. ಮೊದಲ ಸುತ್ತು ಇಳಿಸಿ ನೋಡಿದರೆ ಸನ್ನಾದ ಬದಲು ಬಿಳಿ ಬಿಲ್ಲೆ! ಅತ್ತೆ ಒಂದು ಮಾತೂ ಆಡದೆ ಅದನ್ನು ಮುರಿದು ಹಂದಿಮಾಂಸದ ದುಕ್ರಾಮಾಸಿನ ರಸಕ್ಕೆ ಹಾಕಿಕೊಂಡು ತಿಂದರು. ನಾನು ಮತ್ತೆ ಹಿಟ್ಟು ಕಲಸಿ ಒಲೆ ಮುಂದೆ ಕೂತೆ. ಆ ದಿನ ನನ್ನ ಅಪ್ಪ, ನಿನ್ನ ಅಜ್ಜ, ಊರಿನಿಂದ ಎರಡು ಊರುಕೋಳಿ, ಒಂದು ಬಾಳೆಗೊನೆ ಹಿಡಿದುಕೊಂಡು ಬಂದಿದ್ದರು. ಊಟ ಮಾಡಿದರು. ಕೊನೆಯ ಬಸ್ಸಿಗೆ ಹೊತ್ತಾಯಿತು ಅಂತ ಅಡುಗೆಮನೆಯ ಬಾಗಿಲಲ್ಲಿ ನಿಂತು "ಬರ್ತೇನೆ" ಅಂದರಂತೆ. ನನಗೆ ಕೇಳಿಸಲಿಲ್ಲ, ತೊಂದೂರಿನ ಮುಚ್ಚಳ ಕುಣಿಯುತ್ತಿತ್ತು. ಮರುವರ್ಷದ ನತಾಲಿಗೆ ಅವರಿರಲಿಲ್ಲ.

ಅಲ್ಲಿಂದ ನಾನು ಪಟ್ಟಿ ಬರೆಯುವ ಕ್ರಮವೇ ಬದಲಾಯಿತು. 25ರ ರಾತ್ರಿ ಎಂಟು ಗಂಟೆಗೆ ನಾನು ಎಲ್ಲಿ ಕೂತಿರುತ್ತೇನೆ ಅಂತ ಮೊದಲು ಬರೆಯುತ್ತೇನೆ. ಆಮೇಲೆ ಅಲ್ಲಿಂದ ಹಿಂದಕ್ಕೆ ಬರುತ್ತೇನೆ. ಆ ಹೊತ್ತಿಗೆ ನನ್ನನ್ನು ಒಲೆ ಮುಂದೆ ನಿಲ್ಲಿಸುವ ಪದಾರ್ಥ ಎಷ್ಟೇ ರುಚಿಯದ್ದಾದರೂ ಪಟ್ಟಿಯಿಂದ ಹೊರಗೆ. ನಿನ್ನ 19ರಲ್ಲಿ ಈ ಲೆಕ್ಕಕ್ಕೆ ಉಳಿಯುವುದು ಆರೋ ಏಳೋ. ಸಾಕು, 14 ಜನಕ್ಕೆ ಧಾರಾಳವಾಯಿತು.

ದುಕ್ರಾಮಾಸ್ ಉಳಿಯುತ್ತದೆ, ಯಾಕೆಂದರೆ ಅದು ಕಾಯುವ ಪದಾರ್ಥ. 23ರ ಸಂಜೆ ಮಾಡಿಡು. ತಿನ್ನುವವರು ಎಂಟೇ ಜನ ಅಂದಿದ್ದೀ, 2 ಕಿಲೋ ಸಾಕು. ಚರ್ಮ ಮತ್ತು ಕೊಬ್ಬು ಇರುವ ತುಂಡೇ ತಾ. ಬರೀ ಕೆಂಪು ಮಾಂಸ ತಂದರೆ ನಾರು ನಾರಾಗುತ್ತದೆ. ಕಿಲೋಗೆ 3 ದೊಡ್ಡ ಚಮಚ ಬಾಫಾತ್ ಪುಡಿ, ಹೆಚ್ಚಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸು, ಉಪ್ಪು, ಸ್ವಲ್ಪ ವಿನೆಗರ್. ಎಲ್ಲ ಕೈಯಲ್ಲೇ ಕಲಸಿ ಒಂದು ಗಂಟೆ ಬಿಡು. ಎಣ್ಣೆ ಬೇಡ. ನೀರನ್ನೂ ಸುರಿಯಬೇಡ. ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಅದು ತನ್ನ ನೀರಿನಲ್ಲೇ, ತನ್ನ ಕೊಬ್ಬಿನಲ್ಲೇ ಬೇಯುತ್ತದೆ. ಮುಕ್ಕಾಲು ಗಂಟೆ ಕಳೆದು ಮುಚ್ಚಳ ತೆಗೆದಾಗ ಮೇಲೆ ಕೆಂಪು ಎಣ್ಣೆ ತೇಲುತ್ತಿದ್ದು, ಚರ್ಮವನ್ನು ಸೌಟಿನ ಅಂಚಿನಿಂದ ಒತ್ತಿದರೆ ತುಂಡಾಗಬೇಕು. ಆಗದಿದ್ದರೆ ಇನ್ನೂ ಬೇಯಲಿ. ಆರಿದ ಮೇಲೆ ಫ್ರಿಜ್ಜಿಗೆ. 25ಕ್ಕೆ ಚೆನ್ನಾಗಿ ಕುದಿಸಿ ಬಡಿಸು. ಹುಳಿಯೂ ಖಾರವೂ ಒಂದಾಗುವುದು ಮೂರನೆಯ ದಿನವೇ. ಸೊರ್ಪೊತೆಲನ್ನೂ ಬರೆದಿದ್ದೀ, ಲಿವರ್ ಎಲ್ಲ ಬೇರೆಯಾಗಿ ಬೇಯಿಸಿ, ಸಣ್ಣಗೆ ಹೆಚ್ಚಿ, ಹುರಿದು ಕೂರುವ ಕೆಲಸ ಮೊದಲ ವರ್ಷಕ್ಕೆ ಬೇಡ.

ಸನ್ನಾಕ್ಕೆ ಬೆಂಗಳೂರಿನಲ್ಲಿ ಒಳ್ಳೆಯ ಕಳ್ಳು ಹುಡುಕುತ್ತಾ ಅಲೆಯಬೇಡ, ಯೀಸ್ಟ್ ಹಾಕು. ಇನ್ನೊಂದು ಕಾರಣವೂ ಇದೆ. ನಿನ್ನ ಆಫೀಸಿನ ಗೆಳೆಯ ಹೆಂಡತಿಯನ್ನು ಕರೆದುಕೊಂಡು ಬರುತ್ತಾನೆ, ಅವರು ಮುಸ್ಲಿಮರು ಅಂದೆಯಲ್ಲ. ಅವರು ಹಂದಿಮಾಂಸ ಮುಟ್ಟುವುದಿಲ್ಲ ಅಂತ ನಿನಗೆ ನೆನಪಿದೆ. ಆದರೆ ಕಳ್ಳು ಹಾಕಿದ ಸನ್ನಾ ಅವರಿಗೆ ಆಗದು, ರಮ್ಮಿನಲ್ಲಿ ನೆನೆಸಿದ ಹಣ್ಣಿನ ಕೇಕೂ ಆಗದು. ಇದು ಹೊಳೆದಿತ್ತಾ? ಸನ್ನಾ ಎಲ್ಲರಿಗೂ ಯೀಸ್ಟಿನದ್ದೇ ಇರಲಿ, ಕೇಕ್ ಕಿತ್ತಳೆ ರಸದಲ್ಲಿ ನೆನೆಸಿದ್ದು ಇರಲಿ. ಕೋಳಿಯನ್ನು ಹಲಾಲ್ ಅಂಗಡಿಯಿಂದ ತಂದರೆ ಎಲ್ಲರೂ ತಿನ್ನಬಹುದು. ಒಬ್ಬರಿಗೆ ಬೇರೆ ಮಾಡಿ ಮೂಲೆಯಲ್ಲಿ ಬಡಿಸುವುದು ನನಗೆ ಸೇರದು. ಕೋಳಿಗೆ ತೆಂಗಿನಹಾಲಿನ ಸಾರು ಮಾಡು, ಖಾರ ಕಡಿಮೆ, ಮಕ್ಕಳಿಗೂ ಆಗುತ್ತದೆ.

ಸನ್ನಾ ಹಿಟ್ಟಿನ ಲೆಕ್ಕ ಬರೆದುಕೋ: 1 ಕಿಲೋ ಅಕ್ಕಿಗೆ ಕಾಲು ಕಿಲೋ ಉದ್ದು. 24ರ ರಾತ್ರಿ ಚರ್ಚಿನ ಬಲಿಪೂಜೆಗೆ ಹೊರಡುವ ಮೊದಲು ನೆನೆಹಾಕು, ಬೆಳಿಗ್ಗೆ ಎದ್ದು ರುಬ್ಬು. ಯೀಸ್ಟನ್ನು ಬೆಚ್ಚಗಿನ ನೀರು, ಚಿಟಿಕೆ ಸಕ್ಕರೆಯಲ್ಲಿ ನೊರೆ ಬರಿಸಿ ಬೆರೆಸು. ಬೆಂಗಳೂರಿನ ಡಿಸೆಂಬರ್ ಚಳಿಗೆ ಹಿಟ್ಟೂ ಮುದುಡಿ ಮಲಗುತ್ತದೆ, ಆದ್ದರಿಂದ ಬಿಸಿನೀರಿನ ಪಾತ್ರೆಯ ಪಕ್ಕ ಕಂಬಳಿ ಹೊದಿಸಿ ಇಡು. ನಾಲ್ಕು ಗಂಟೆಗೆ ಬೇಯಿಸಿ, ಒದ್ದೆ ಬಟ್ಟೆ ಸುತ್ತಿ ಮುಚ್ಚಿಟ್ಟು, ಊಟದ ಹೊತ್ತಿಗೆ ಐದು ನಿಮಿಷ ಹಬೆ ಕೊಟ್ಟರಾಯಿತು. ಯಾರೂ ತೊಂದೂರಿನ ಮುಂದೆ ಕೂರಬೇಕಾಗಿಲ್ಲ.

ಈಗ ಮುಖ್ಯವಾದ ಮಾತು, ನಿನ್ನ ಅತ್ತೆ ಮಾವ. ಮೊಟ್ಟೆಯನ್ನೂ ಮುಟ್ಟದವರು ಹಾಸನದಿಂದ ಮೊದಲ ಸಲ ನಿಮ್ಮ ಮನೆಯ ಕ್ರಿಸ್‌ಮಸ್ಸಿಗೆ ಬರುತ್ತಿದ್ದಾರೆ. ನೀನು ಅವರ ಹೆಸರಿನ ಮುಂದೆ ಬರೆದಿರುವುದು 'ವೆಜ್ ಪುಲಾವ್, ಪನೀರ್'. ಛೆ! ಮದುವೆ ಮಂಟಪದಲ್ಲಿ ಸಿಗುವುದನ್ನು ತಿನ್ನಲು ಅಷ್ಟು ದೂರದಿಂದ ಬರಬೇಕಾ? ಮಾಂಸವಿಲ್ಲದ ಹಬ್ಬದೂಟ ನಮಗೆ ಗೊತ್ತಿಲ್ಲದ್ದೇನಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ನೆನಪು ಮಾಡಿಕೋ. ಹೊಸ ತೆನೆಯ ಅಕ್ಕಿ ಪಾಯಸಕ್ಕೆ ಬೀಳುವ ಆ ದಿನ ನಮ್ಮ ಮನೆಗಳಲ್ಲಿ ಮೀನೂ ಇಲ್ಲ, ಮಾಂಸವೂ ಇಲ್ಲ. ತರಕಾರಿ ಪದಾರ್ಥಗಳು ಮಾತ್ರ ಮೂರು, ಐದು, ಏಳು ಅಂತ ಬೆಸಸಂಖ್ಯೆಯಲ್ಲಿ ಇರಲೇಬೇಕು. ಅದರಿಂದಲೇ ಎರಡನ್ನು ಎತ್ತಿಕೊಂಡು ಬಾ: ತೊಂಡೆಕಾಯಿ ಗೇರುಬೀಜದ ಪಲ್ಯ, ಕಡಲೆ ಸುಕ್ಕ. ಮೂರನೆಯದನ್ನು ನಿನ್ನ ಅತ್ತೆಯೇ ಮಾಡಲಿ. ಡಿಸೆಂಬರ್ ಅಂದರೆ ಆ ಕಡೆ ಅವರೆಕಾಯಿಯ ಕಾಲ. "ನಿಮ್ಮ ಹಿದುಕಿದ ಬೇಳೆ ಸಾರು ಬೇಕು ಅಂತ ನಮ್ಮ ಮಾವ್ಶಿ ಹೇಳಿದ್ದಾರೆ" ಅಂತ ನನ್ನ ಹೆಸರಿನಲ್ಲೇ ಕೇಳು. ಸನ್ನಾಕ್ಕೆ ಆ ಸಾರಿನಷ್ಟು ಒಪ್ಪುವ ಜೊತೆ ಇನ್ನೊಂದಿಲ್ಲ; ಒಮ್ಮೆ ಅವರ ಮನೆಯಲ್ಲಿ ಇಡ್ಲಿಗೆ ಹಾಕಿಕೊಂಡು ತಿಂದವಳು ನಾನು, ಎರಡು ಸಲ ಕೇಳಿ ಬಡಿಸಿಕೊಂಡೆ. ಅವರೂ ಬರಿಗೈ ಬೀಸಿಕೊಂಡು ಬಂದ ನೆಂಟರಂತೆ ಸೋಫಾದ ತುದಿಯಲ್ಲಿ ಕೂರಬೇಕಾಗುವುದಿಲ್ಲ. ಬೇಳೆ ಹಿದುಕಲು ನೀನೂ ಕೂರು. ಅಳಿಯ ಅವರೆಕಾಳು ಹಿದುಕಿದ ಅಂತ ಹಾಸನದಲ್ಲಿ ಒಂದು ವರ್ಷ ಮಾತಾಡಿಕೊಳ್ಳುತ್ತಾರೆ.

ಸೌಟು ಮಾತ್ರ ಎಚ್ಚರ. ಹಂದಿಮಾಂಸದ ಪಾತ್ರೆಯನ್ನು ಬಾಲ್ಕನಿ ಪಕ್ಕದ ಸಣ್ಣ ಮೇಜಿನ ಮೇಲಿಟ್ಟು, ಅದರ ಸೌಟಿನ ಹಿಡಿಗೆ ಕೆಂಪು ದಾರ ಕಟ್ಟು. ದಾರದ ಸೌಟು ಆ ಮೇಜು ಬಿಟ್ಟು ಹೋಗಕೂಡದು.

ಇನ್ನು ಕುಸ್ವಾರ್, ಅಂದರೆ ಹಬ್ಬದ ಕುರುಕು ತಿಂಡಿ. ನಿನ್ನ ಪಟ್ಟಿಯಲ್ಲಿ ಏಳು ಇವೆ. ಎರಡು ಮಾಡು, ಉಳಿದದ್ದನ್ನು ನಾನು ಕಳಿಸುತ್ತೇನೆ. ಕಿಡಿಯೊಗೆ ಕೈಗಳು ಜಾಸ್ತಿ ಬೇಕು, ಹಬ್ಬಕ್ಕೆ ಮೊದಲಿನ ಭಾನುವಾರ ಗೆಳೆಯರನ್ನೆಲ್ಲ ಕರೆದು ಒಂದೊಂದು ಫೋರ್ಕ್ ಕೈಗೆ ಕೊಡು. ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಒತ್ತಿ ಉರುಳಿಸಿದರೆ ಗೆರೆಗೆರೆಯಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಮೊದಲ ಹತ್ತು ಸೊಟ್ಟಗಾಗುತ್ತವೆ, ಕರಿದ ಮೇಲೆ ಯಾರಿಗೂ ಗೊತ್ತಾಗದು. ಇನ್ನೊಂದು ಗುಲಾಬಿ ಹೂವಿನ ತಿಂಡಿ. ಅಚ್ಚನ್ನು ಬಿಸಿ ಎಣ್ಣೆಯಲ್ಲೇ ಇಟ್ಟಿರು, ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದು. ಪೂರ್ತಿ ಮುಳುಗಿಸಿದೆಯೋ, ಹಿಟ್ಟು ಅಚ್ಚಿನ ಮೇಲಂಚನ್ನೂ ಕಚ್ಚಿಕೊಂಡು, ಕುಟ್ಟಿದರೂ ಬಿಡುವುದಿಲ್ಲ. ಮಾಡಿದ್ದರಲ್ಲಿ ಮೊದಲ ತಟ್ಟೆ ಎದುರು ಮನೆಗೆ, ಎರಡನೆಯದು ನಿಮ್ಮ ಕಟ್ಟಡದ ಕಾವಲಿನವನಿಗೆ. ನಿನ್ನ ಅಪ್ಪನಿಗೆ ಸಕ್ಕರೆ ಕಾಯಿಲೆ, ಸಿಹಿ ನೆವ್ರಿ ಇರುವ ಡಬ್ಬಿ ಅವನ ಕೈಗೆಟುಕದ ಕಡೆ ಇಡು. ಕೊಡಬೇಡ ಅನ್ನುವುದಿಲ್ಲ, ಒಂದು ಕೊಡು.

ನನ್ನ ಮಂಡಿ ನೋವಿಗೆ ರಾತ್ರಿ ಬಸ್ಸು ಆಗದು, ಈ ಸಲ ನಾನು ಬರುವುದಿಲ್ಲ. 15ರ ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತೇನೆ. ಅದರಲ್ಲಿ ಅರ್ಧ ಕಿಲೋ ಬಾಫಾತ್ ಪುಡಿ ಇದೆ, ನಾನೇ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಎಲ್ಲ ಬಿಸಿಲಿಗೆ ಒಣಗಿಸಿ ಮಾಡಿಸಿದ್ದು. ಕುಸ್ವಾರಿನ ಎರಡು ಡಬ್ಬಿ ಇವೆ. ತಳದಲ್ಲಿ ಬಟ್ಟೆ ಸುತ್ತಿಟ್ಟಿರುವುದು ಗುಲಾಬಿಯ ಅಚ್ಚು. ಅದು ನನ್ನ ಅತ್ತೆಯದು, ಹಿಡಿ ಸ್ವಲ್ಪ ಅಲುಗಾಡುತ್ತದೆ, ಸಾಬೂನು ಹಾಕಿ ತಿಕ್ಕಬೇಡ, ಎಣ್ಣೆ ಒರೆಸಿಡು. ಮುಂಜಾನೆ ಐದೂವರೆಗೆ ಬಸ್ಸು ಮುಟ್ಟುತ್ತದೆ. ಯಾರನ್ನೋ ಕಳಿಸದೆ ನೀನೇ ಹೋಗಿ ತೆಗೆದುಕೋ.

ನಿನ್ನ,
ಮಾವ್ಶಿ