ಹಳ್ಳಿಗೆ ಬ್ರಾಡ್‌ಬ್ಯಾಂಡ್ ತರುವ ಖರ್ಚು: ಜಮೀನುದಾರರು ತಿಳಿಯತಕ್ಕ ಸಂಗತಿಗಳು

(ಲೇಖಕರು: ಕೃಷಿ ಇನ್‌ಸ್ಪೆಕ್ಟರ್, ಸತ್ತೂರ)

ಹುಬ್ಬಳ್ಳಿ-ಧಾರವಾಡಗಳ ನಡುವಿನ ಹಾದಿಯ ಮೇಲಿರುವ ಸತ್ತೂರವು ಈಗ ಮಹಾನಗರಪಾಲಿಕೆಯ ಹದ್ದಿನೊಳಗಿನ ಊರು. ವೈದ್ಯಕೀಯ ಕಾಲೇಜು, ಆಸ್ಪತ್ರೆ, ಹೊಸ ಬಡಾವಣೆಗಳು ಇಲ್ಲಿರುವದರಿಂದ ಇಂಟರ್‌ನೆಟ್ ಕೊಡುವ ಕಂಪನಿಗಳು ಯಾರೂ ಕರೆಯದೆಯೇ ಬರುತ್ತವೆ. ಆದರೆ ಕುಂದಗೋಳ, ನವಲಗುಂದಗಳ ಎರೆಸೀಮೆಯ ಒಳಹಳ್ಳಿಗೆ ಹೋದರೆ, ಮೊಬೈಲಿಗೆ ಸಿಗ್ನಲ್ ಸಿಗಲೆಂದು ಮಾಳಿಗೆಯನ್ನೇರಿ ನಿಂತ ರಯತನನ್ನು ನಾನು ಒಂದಲ್ಲ, ಹಲವು ಸಲ ಕಂಡಿದ್ದೇನೆ. ಈ ಭೇದಕ್ಕೆ ಕಾರಣವು ಯಾರ ದ್ವೇಷವೂ ಅಲ್ಲ. ಅದು ಕೇವಲ ಲೆಕ್ಕದ ಮಾತು. ಆ ಲೆಕ್ಕವನ್ನು ಊರ ಹಿರಿಯರು ತಿಳಿದುಕೊಂಡಿರುವದು ಅವಶ್ಯವಾದ್ದರಿಂದ ಈ ಲೇಖನವನ್ನು ಬರೆಯಲಾಗಿದೆ.

ಇದು ಪಟ್ಟಣದವರ ಚೈನಿಯ ವಸ್ತುವೆಂದು ಬಗೆಯುವ ಗೃಹಸ್ಥರು ಇನ್ನೂ ಇದ್ದಾರೆ. ಪಹಣಿಪತ್ರಿಕೆಯು 2000ದ ಸುಮಾರಿಗೆ 'ಭೂಮಿ' ಯೋಜನೆಯಿಂದ ಗಣಕಯಂತ್ರವನ್ನು ಸೇರಿತು. ಪೇಟೆಯಲ್ಲಿ ಹೆಸರು, ಕಡಲೆ, ಹತ್ತಿಗಳ ಟೆಂಡರು 2014ರಿಂದೀಚೆಗೆ ವಿದ್ಯುನ್ಮಾನ ಪದ್ಧತಿಗೆ ತಿರುಗಿತು. ಬೆಳೆ ಸಮೀಕ್ಷೆ, ಬೆಳೆವಿಮೆ, ಕಿಸಾನ್ ಸಮ್ಮಾನದ ಗುರುತಿನ ಪರೀಕ್ಷೆ ಇವೆಲ್ಲವೂ ಈ ಮಾರ್ಗವಾಗಿಯೇ ನಡೆಯುತ್ತವೆ. ವಿಮೆಯ ಕಡೆಯ ದಿನ ಸಂಪರ್ಕ ತಪ್ಪಿದರೆ, ಕಂತು ತುಂಬಲು ಹಣ ಕೈಯಲ್ಲಿದ್ದೂ ರಯತನು ಆ ಹಂಗಾಮಿನ ರಕ್ಷಣೆಯನ್ನು ಕಳೆದುಕೊಳ್ಳುವನು.

ಈಗ ಲೆಕ್ಕಕ್ಕೆ ಬರೋಣ. ಗಾಜಿನ ಎಳೆಯ ಕೇಬಲಿಗೆ, ಅಂದರೆ ಫೈಬರಿಗೆ, ತಗಲುವ ಬೆಲೆಗಿಂತ ಅದನ್ನು ಹೂಳುವ ಕಂದಕಕ್ಕೆ ತಗಲುವ ಖರ್ಚೇ ಹೆಚ್ಚು. ತಿಳಿವಳಿಕೆಗಾಗಿ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳತಕ್ಕದ್ದು. ಪಂಚಾಯತಿಯ ಊರಿನಿಂದ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಗೆ, ಕಿಲೋಮೀಟರಿಗೆ ಮೂರು ಲಕ್ಷದಂತೆ 12 ಲಕ್ಷ ರೂಪಾಯಿ ಬೀಳುವದೆನ್ನೋಣ. 60 ಮನೆಯವರು ತಿಂಗಳಿಗೆ 400 ರೂಪಾಯಿ ಕೊಟ್ಟರೆ 24,000 ಆಯಿತು. ಅದರಲ್ಲಿ ಅರ್ಧವು ಮೇಲಿನಿಂದ ಸಂಪರ್ಕ ಒದಗಿಸುವ ಸಂಸ್ಥೆಗೆ ಹೋದರೆ ಊರಿನಲ್ಲಿ ಉಳಿಯುವದು 12,000. ಬಂಡವಾಳವನ್ನು ನೂರಕ್ಕೆ ಹತ್ತರ ಬಡ್ಡಿಯಿಂದ ತಂದಿದ್ದರೆ ವರ್ಷಕ್ಕೆ 1,20,000, ಅಂದರೆ ತಿಂಗಳಿಗೆ 10,000 ರೂಪಾಯಿ ಬಡ್ಡಿಗೇ ಹೋಗುವದು. ಮಿಕ್ಕ ಎರಡು ಸಾವಿರದಲ್ಲಿ ಕರೆಂಟು, ದುರಸ್ತಿ, ಆಳಿನ ಪಗಾರ ಯಾವದೂ ಸಾಗದು. ಅಸಲಂತೂ ತೀರುವ ಮಾತೇ ಇಲ್ಲ. ಖಾಸಗಿ ಕಂಪನಿಯು ಸತ್ತೂರದಲ್ಲಿಯೇ ನಿಂತು ಮುಂದೆ ಬಾರದಿರುವದಕ್ಕೆ ಇದೇ ಕಾರಣ. ಆದರೆ ಕಂದಕದ ಬಂಡವಾಳವನ್ನು ಮತ್ತೊಬ್ಬರು ಬಡ್ಡಿಯಿಲ್ಲದೆ ಕೊಟ್ಟರೆ ಅದೇ 12,000ದಲ್ಲಿ ದಿನನಿತ್ಯದ ಕೆಲಸವು ನಡೆದೀತು.

ಆ ಮತ್ತೊಬ್ಬರು ಯಾರು? ಸಾರ್ವತ್ರಿಕ ಸೇವಾ ನಿಧಿಯೊಂದು 2002ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಅಸ್ತಿತ್ವಕ್ಕೆ ಬಂದಿತು. 2003ರ ತಿದ್ದುಪಡಿ ಕಾಯದೆಯು ಅದಕ್ಕೆ ಶಾಸನದ ಆಧಾರವನ್ನು ಕೊಟ್ಟಿತು. ಟೆಲಿಫೋನ್ ಕಂಪನಿಗಳು ತಮ್ಮ ನಿಗದಿತ ಆದಾಯದಲ್ಲಿ ನೂರಕ್ಕೆ ಐದರಷ್ಟನ್ನು ಇದಕ್ಕಾಗಿ ಸಲ್ಲಿಸುತ್ತವೆ. ಕೊನೆಗೆ ಇದು ಮೊಬೈಲಿಗೆ ದುಡ್ಡು ತುಂಬುವ ನಮ್ಮ ನಿಮ್ಮ ಜೇಬಿನಿಂದಲೇ ಹೋಗುವದೆಂಬುದನ್ನು ಮರೆಯಲಾಗದು. ಆದ್ದರಿಂದ ಹಳ್ಳಿಯವರು ಇದನ್ನು ಧರ್ಮದ ದಾನವೆಂದು ತಲೆಬಾಗಿ ಸ್ವೀಕರಿಸಬೇಕಾದ್ದಿಲ್ಲ. ಹಣವು ಮೊದಲು ಭಾರತದ ಸಂಚಿತ ನಿಧಿಗೆ ಸೇರಿ, ಸಂಸತ್ತಿನ ಮಂಜೂರಿಯಾದ ಮೇಲೆ ಹೊರಬರುವ ಕ್ರಮವಿರುವದರಿಂದ, ಕೂಡಿದ್ದೆಲ್ಲವೂ ಆಯಾ ವರ್ಷವೇ ಖರ್ಚಾಗಿಲ್ಲ. 2023ರ ದೂರಸಂಪರ್ಕ ಕಾಯದೆಯ ಮೂಲಕ ಈ ನಿಧಿಗೆ 'ಡಿಜಿಟಲ್ ಭಾರತ್ ನಿಧಿ' ಎಂಬ ಹೆಸರಾಯಿತು.

ಈ ನಿಧಿಯಿಂದಲೇ ಸುಮಾರು ಎರಡೂವರೆ ಲಕ್ಷ ಗ್ರಾಮಪಂಚಾಯತಿಗಳಿಗೆ ಫೈಬರ್ ಎಳೆಯುವ ಯೋಜನೆಯನ್ನು ಕೇಂದ್ರ ಸಂಪುಟವು 2011ರ ಅಕ್ಟೋಬರಿನಲ್ಲಿ ಮಂಜೂರು ಮಾಡಿತು. ಮುಂದೆ ಅದು 'ಭಾರತ್‌ನೆಟ್' ಎನ್ನಿಸಿಕೊಂಡಿತು. ಒಂದು ಲಕ್ಷ ಪಂಚಾಯತಿಗಳ ಮೊದಲ ಹಂತವು ಮುಗಿದದ್ದು 2017ರ ಡಿಸೆಂಬರಿನಲ್ಲಿ. 2021ರಲ್ಲಿ ಕರ್ನಾಟಕವೂ ಸೇರಿ 16 ರಾಜ್ಯಗಳಲ್ಲಿ ಖಾಸಗಿಯವರನ್ನು ಜತೆಗೂಡಿಸಿಕೊಂಡು, ಅವರಿಗೆ ಕೊರತೆ ಬೀಳುವಷ್ಟನ್ನು ಸರಕಾರವೇ ತುಂಬಿಕೊಡಬೇಕೆಂದು 19,041 ಕೋಟಿ ರೂಪಾಯಿ ಇಡಲಾಯಿತು. ಆ ಟೆಂಡರು ಫಲಿಸಲಿಲ್ಲ. ಹಳ್ಳಿಯಲ್ಲಿ ಎಷ್ಟು ಗಿರಾಕಿಗಳು ದೊರೆತಾರೆಂಬ ಭರವಸೆಯಿಲ್ಲದವನು ಕೊರತೆಯ ಒಂದು ಪಾಲಿಗಾಗಿ ಕೈಗಂಟು ಹಾಕುವದಿಲ್ಲವೆಂದು ನನಗೆ ತೋರುತ್ತದೆ. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದುಪಡಿ ಯೋಜನೆಯು ಮಂಜೂರಾಯಿತು. ಇದರಲ್ಲಿ ಕಟ್ಟುವವನೇ ಹತ್ತು ವರ್ಷ ನಡೆಸಿ ದುರಸ್ತಿಯನ್ನೂ ನೋಡಿಕೊಳ್ಳತಕ್ಕದ್ದು. ಮನೆಮನೆಗೆ ಸಂಪರ್ಕ ಕೊಡುವ ಸ್ಥಳೀಯ ಉದ್ಯಮಿಯು ಬಿ.ಎಸ್.ಎನ್.ಎಲ್. ಸಂಸ್ಥೆಯೊಡನೆ ಆದಾಯದಲ್ಲಿ ಪಾಲು ಪಡೆಯುವನು. ಪಂಚಾಯತಿಯ ಕೇಂದ್ರಸ್ಥಳವಲ್ಲದ ಹಳ್ಳಿಗಳಿಗೆ ಬೇಡಿಕೆಯಿದ್ದಲ್ಲಿ ಮಾತ್ರ ಸಂಪರ್ಕವೆಂದು ಇಡಲಾಗಿದೆ. 'ಬೇಡಿಕೆಯಿದ್ದಲ್ಲಿ' ಎಂಬ ಈ ಮಾತನ್ನು ವಾಚಕರು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಮೇಲಿನ ಲೆಕ್ಕದಲ್ಲಿ 60 ಮನೆಗಳ ಬದಲು 25 ಮನೆಗಳೇ ಇದ್ದರೆ ಊರಿಗುಳಿಯುವದು ಐದೇ ಸಾವಿರ. ಬಂಡವಾಳ ಪುಕ್ಕಟೆ ಸಿಕ್ಕರೂ ಅದರಲ್ಲಿ ಒಬ್ಬ ಹುಡುಗನ ಪಗಾರವೂ ಹುಟ್ಟದು.

ಒಟ್ಟುಗೂಡಿ ಹಣ ಹೊಂದಿಸುವದು ನಮ್ಮ ಸೀಮೆಗೆ ಹೊಸದಲ್ಲ. 1904ರ ಕಾಯದೆ ಬಂದ ಮರುವರ್ಷವೇ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಹಳ್ಳಿಗರು ಇದೇ ತತ್ತ್ವದ ಮೇಲೆ 2011ರಲ್ಲಿ 'ಬಾರ್ನ್' ಎಂದು ಕರೆಯಲ್ಪಡುವ ಸಂಘವನ್ನು ಕಟ್ಟಿ, ತಾವೇ ಷೇರು ಕೊಂಡು, ತಮ್ಮ ಹೊಲಗಳಲ್ಲಿ ತಾವೇ ಕಂದಕ ತೋಡಿ ಫೈಬರ್ ಹೂಳಿದರು. ಅಲ್ಲಿಯ ಜಮೀನುದಾರರು ಹಾದಿಯ ಬಾಬತ್ತು ಬಾಡಿಗೆ ಕೇಳಲಿಲ್ಲ. ಆದ್ದರಿಂದಲೇ ಖರ್ಚು ಬಹಳವಾಗಿ ತಗ್ಗಿತು. ನಮ್ಮ ಪತ್ತಿನ ಸಂಘಗಳು ದೊಡ್ಡ ಕಂದಕಕ್ಕೆ ಸಾಲ ಕೊಡಬೇಕೆಂದು ನಾನು ಹೇಳಲಾರೆ. ಬಿತ್ತನೆಯ ಕಾಲಕ್ಕೆ ಬೇಕಾದ ಹಣವು ಅಲ್ಲಿ ಸಿಕ್ಕಿಬೀಳಬಾರದು. ಆದರೆ ಊರೊಳಗಿನ ಪೆಟ್ಟಿಗೆ, ಬ್ಯಾಟರಿ, ಮನೆಗಳಿಗೆ ಎಳೆಯುವ ಎಳೆಗಳ ಖರ್ಚು ಸಂಘದ ಶಕ್ತಿಗೆ ಮೀರಿದ್ದಲ್ಲ.

ಹೊಲದಲ್ಲಿ ಕಂದಕ ಹಾಯುವ ವಿಷಯದಲ್ಲಿ ಕೆಲವು ಮಾತು. ಎರೆಭೂಮಿಯು ಬೇಸಗೆಯಲ್ಲಿ ಆಳವಾಗಿ ಬಿರಿದು, ಮಳೆಗೆ ಉಬ್ಬುವದರಿಂದ ಮೇಲೆಮೇಲೆ ಹೂಳಿದ ಕೇಬಲ್ ಜಗ್ಗಿ ಕೆಡುವ ಭಯವುಂಟು; ಒಂದೂವರೆ ಮೀಟರಿಗೆ ಕಡಿಮೆಯಿಲ್ಲದ ಆಳಕ್ಕೆ ಒಪ್ಪಿಗೆಪತ್ರದಲ್ಲಿಯೇ ಪಟ್ಟು ಹಿಡಿಯಬೇಕು. ಕಡಲೆ, ಬಿಳಿಜೋಳಗಳ ಸುಗ್ಗಿಯಾದ ಮೇಲೆ ಮುಂಗಾರಿಗಿಂತ ಮೊದಲು ಕೆಲಸ ಮುಗಿಯತಕ್ಕದ್ದು. ಮೇಲ್ಮಣ್ಣನ್ನು ಬೇರೆ ಒಡ್ಡಿ, ಮುಚ್ಚುವಾಗ ಅದನ್ನೇ ಮೇಲಕ್ಕೆ ಹಾಕಿಸಬೇಕು. ಮುಚ್ಚಿದ ಮಣ್ಣು ಮೊದಲ ದೊಡ್ಡ ಮಳೆಗೆ ಕುಸಿಯುವದರಿಂದ ಧಮ್ಮಸು ಮಾಡಿಸಿ ಒಂದು ಗೇಣು ಎತ್ತರಿಸಿಡಬೇಕು. ಇಲ್ಲವಾದರೆ ಅದೇ ನೀರಿನ ಕಾಲುವೆಯಾಗಿ ಹೊಲವನ್ನು ಕೊರೆಯುವದು. ಕಂದಕವು ಒಡ್ಡಿನ ಗುಂಟ ಹೋಗಕೂಡದು. ಅಡ್ಡಲಾಗಿ ದಾಟಿ, ಒಡೆದ ಒಡ್ಡನ್ನು ಅಂದೇ ಕಟ್ಟಿಸಿಕೊಳ್ಳಬೇಕು. ಮುಂದೆ ಬಾವಿಗೋ ಕೃಷಿಹೊಂಡಕ್ಕೋ ಜೆಸಿಬಿ ತರುವವರು ಕೇಬಲಿನ ಜಾಗವನ್ನು ತಲಾಠಿಯ ನಕಾಶೆಯ ಮೇಲೆ ಗುರುತಿಸಿಟ್ಟುಕೊಂಡಿರಬೇಕು. ಅಗೆಯುವ ಮುನ್ನ ತಿಳಿಸುವದಕ್ಕೆಂದು 2023ರ ಮಾರ್ಚಿನಲ್ಲಿ ಸರಕಾರವು ಒಂದು ಮೊಬೈಲ್ ವ್ಯವಸ್ಥೆಯನ್ನೂ ಆರಂಭಿಸಿದೆ.

ಕಂದಕಕ್ಕಿಂತ ಹೆಚ್ಚಿನ ತೊಡಕು ಕೆಲವೆಡೆ ಕೋಣೆಯೊಳಗೇ ಇರುವದು. ಒಂದು ಊರಿನಲ್ಲಿ ಕಚೇರಿಯ ಮೂಲೆಯ ಯಂತ್ರಪೆಟ್ಟಿಗೆಯ ಮೇಲೆ ಗೊಬ್ಬರದ ಖಾಲಿ ಚೀಲಗಳನ್ನು ಒಟ್ಟಿದ್ದರು. ಬ್ಯಾಟರಿ ಸತ್ತು ಎಷ್ಟು ದಿನವಾಯಿತೆಂದು ಕೇಳಿದರೆ, ಬೀಗದ ಕೈ ಯಾರ ಬಳಿಯಿದೆಯೆಂಬುದೇ ಅಲ್ಲಿದ್ದವರಿಗೆ ತಿಳಿದಿರಲಿಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿ ತಂದ ಎಳೆಯು ಕೆಲವೇ ಸಾವಿರದ ಬ್ಯಾಟರಿಗಾಗಿ ನಿಂತಿತ್ತು. ಆದ್ದರಿಂದ ತಮ್ಮ ಊರಿನ ಪೆಟ್ಟಿಗೆಯ ಕೀಲಿಕೈ ಯಾರಲ್ಲಿದೆ, ಕರೆಂಟಿನ ಬಿಲ್ಲು ಯಾರ ಹೆಸರಿನಲ್ಲಿದೆ, ಬ್ಯಾಟರಿ ಬದಲಿಸುವ ಹೊಣೆ ಯಾರದು ಎಂಬ ಮೂರು ಸಂಗತಿಗಳನ್ನು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿ ಬರೆಸಿಡಬೇಕು. ಅದೇ ಸಭೆಯಲ್ಲಿ ಸಂಪರ್ಕ ಬೇಕೆನ್ನುವ ಮನೆಗಳ ಯಾದಿಯನ್ನು ಸಹಿಸಮೇತ ತಯಾರಿಸಿದರೆ, 'ಬೇಡಿಕೆ'ಯನ್ನು ತೋರಿಸುವ ಕಾಗದವೂ ಸಿದ್ಧವಾಗುವದು.